ಪ್ರೊಬೇಷನ್ ಷರತ್ತು ಮುರಿದ ಲೈಂಗಿಕ ಅಪರಾಧಿಗೆ ಏನು ಶಿಕ್ಷೆ?

ಹಾಸನದಲ್ಲಿ ಮಹಿಳೆಯೊಬ್ಬರನ್ನು ಪದೇ ಪದೇ ಹಿಂಬಾಲಿಸಿ ಪೀಡಿಸಿದ ಅಪರಾಧಕ್ಕೆ ಪ್ರೊಬೇಷನ್ (ಜೈಲಿಗೆ ಕಳಿಸದೆ ಷರತ್ತಿನ ಮೇಲೆ ಬಿಡುಗಡೆ) ಪಡೆದವನು ಷರತ್ತು ಮುರಿದರೆ ಏನಾಗುತ್ತದೆ ಎಂದು ಕೇಳಿದ್ದೀರಿ.

ಎಲ್ಲ ಲೈಂಗಿಕ ಅಪರಾಧಗಳಿಗೂ ಪ್ರೊಬೇಷನ್ ಸಿಗುವುದಿಲ್ಲ. ಅತ್ಯಾಚಾರಕ್ಕೆ ಜೀವಾವಧಿಯವರೆಗೂ ಶಿಕ್ಷೆ ಇರುವುದರಿಂದ, 1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆಯ 4ನೇ ಕಲಮಿನ ಬಿಡುಗಡೆ ಅದಕ್ಕೆ ದೊರೆಯುವುದೇ ಇಲ್ಲ. ಹಿಂಬಾಲಿಸುವಿಕೆಗೆ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಮೊದಲ ಬಾರಿ ಗರಿಷ್ಠ 3 ವರ್ಷ ಸೆರೆವಾಸವಿದ್ದು, ನ್ಯಾಯಾಲಯ ಬಯಸಿದರೆ ಶಿಕ್ಷೆ ವಿಧಿಸುವ ಬದಲು ಅದೇ 4ನೇ ಕಲಮಿನಡಿ 3 ವರ್ಷ ಮೀರದ ಅವಧಿಗೆ ಮುಚ್ಚಳಿಕೆ (ಷರತ್ತು ಪಾಲಿಸುವ ಲಿಖಿತ ಭರವಸೆ) ಬರೆಸಿಕೊಂಡು ಬಿಡಬಹುದು.

ಷರತ್ತು ಮುರಿದಾಗ ಪ್ರೊಬೇಷನ್ ಕಾಯ್ದೆಯ 9ನೇ ಕಲಂ ಅನ್ವಯಿಸುತ್ತದೆ. ಪ್ರೊಬೇಷನ್ ಅಧಿಕಾರಿಯ ವರದಿಯಿಂದ ಅಥವಾ ಬೇರೆ ರೀತಿಯಲ್ಲಿ (ಎಂದರೆ ಸಂತ್ರಸ್ತೆಯೂ ತಿಳಿಸಬಹುದು) ಉಲ್ಲಂಘನೆ ಗಮನಕ್ಕೆ ಬಂದರೆ ನ್ಯಾಯಾಲಯವು ವಾರಂಟ್ ಅಥವಾ ಸಮನ್ಸ್ ಹೊರಡಿಸಿ, ವಿಚಾರಣೆಯ ನಂತರ, ತಡೆಹಿಡಿದಿದ್ದ ಮೂಲ ಅಪರಾಧಕ್ಕೇ ಶಿಕ್ಷೆ ವಿಧಿಸಬಹುದು. ಮೊದಲ ಉಲ್ಲಂಘನೆಯಾದರೆ ಮುಚ್ಚಳಿಕೆಯನ್ನು ಮುಂದುವರಿಸಿ, 50 ರೂಪಾಯಿ ಮೀರದ ದಂಡ ಹಾಕುವ ಅವಕಾಶವೂ ಇದೆ. ಇಂದು ಒಂದು ಮಸಾಲೆ ದೋಸೆಗೂ ಸಾಲದ ಈ ಮೊತ್ತ, ನನ್ನ ದೃಷ್ಟಿಯಲ್ಲಿ, ಲೈಂಗಿಕ ಅಪರಾಧಗಳ ಮಟ್ಟಿಗೆ ಹಾಸ್ಯಾಸ್ಪದ. ಆದರೆ ಅದನ್ನೂ ಕಟ್ಟದಿದ್ದರೆ ಮೂಲ ಶಿಕ್ಷೆಗೆ ದಾರಿಯಾಗುತ್ತದೆ.

ಆತ ಅದೇ ಮಹಿಳೆಯನ್ನು ಮತ್ತೆ ಹಿಂಬಾಲಿಸಿದರೆ ಪ್ರತ್ಯೇಕ ಪ್ರಕರಣವೂ ದಾಖಲಾಗಬಹುದು; ಎರಡನೇ ಬಾರಿ ತಪ್ಪಿತಸ್ಥನೆಂದು ತೀರ್ಮಾನವಾದರೆ ಗರಿಷ್ಠ ಶಿಕ್ಷೆ 5 ವರ್ಷ.