ಪ್ರತಿಕ್ರಿಯೆ: ಐದು ದಿನಗಳಲ್ಲಿ ಸ್ಕಾಟ್ಲೆಂಡಿನ ಉತ್ತರ ಕರಾವಳಿ

ಜೂನ್ ತಿಂಗಳಲ್ಲಿ ವಯಸ್ಸಾದ ತಂದೆತಾಯಿಯರೊಡನೆ ಬಾಡಿಗೆ ಕಾರಿನಲ್ಲಿ ನಾರ್ತ್ ಕೋಸ್ಟ್ 500 ಮಾರ್ಗವನ್ನು ಐದು ದಿನಗಳಲ್ಲಿ ಮುಗಿಸಬಹುದೇ, ಬೆಲಾಖ್ ನಾ ಬಾ ಕಣಿವೆದಾರಿಯನ್ನು ಬಿಡಬೇಕೇ ಎಂದು ಕೇಳಿದ್ದೀರಿ. ಇನ್ವರ್ನೆಸ್‌ನಿಂದ ಹೊರಟು ಅಲ್ಲಿಗೇ ಮರಳುವ ಈ ಸುತ್ತು ಸುಮಾರು 830 ಕಿಲೋಮೀಟರ್ ಇರುವುದರಿಂದ ಐದು ದಿನಗಳಲ್ಲಿ ಮುಗಿಸಬಹುದಾದರೂ, ಸಮಯವನ್ನು ಸಮನಾಗಿ ಹಂಚಬೇಡಿ. ಪೂರ್ವ ತೀರದ ಹೆದ್ದಾರಿಯನ್ನು ಒಂದೇ ದಿನದಲ್ಲಿ ದಾಟಿ, ಉಳಿದ ದಿನಗಳನ್ನು ಆಪಲ್‌ಕ್ರಾಸ್‌ನಿಂದ ಡರ್ನೆಸ್‌ವರೆಗಿನ ಪಶ್ಚಿಮ ಭಾಗಕ್ಕೆ ಮೀಸಲಿಡಿ. ಅಸಿಂಟ್ ಪ್ರದೇಶದಲ್ಲಿ ಕೋಟ್ಯಂತರ ವರ್ಷ ಹಳೆಯ ಬೂದು ನೈಸ್ ಶಿಲೆಯ ಮೇಲೆ ಸುಯಿಲ್ವೆನ್‌ನಂತಹ ಒಂಟಿ ಬೆಟ್ಟಗಳು ಎದ್ದು ನಿಂತಿರುವ ನೋಟವೇ ನನ್ನ ಮಟ್ಟಿಗೆ ಇಡೀ ಪ್ರವಾಸದ ಸಾರ.

ಬೆಲಾಖ್ ನಾ ಬಾ ಆಪಲ್‌ಕ್ರಾಸ್‌ಗೆ ಹೋಗುವ, 626 ಮೀಟರ್ ಎತ್ತರಕ್ಕೇರುವ, ತೀವ್ರ ತಿರುವುಗಳ ಏಕಪಥ ರಸ್ತೆ. ಆಗುಂಬೆ ಘಾಟಿಯಲ್ಲಿ ಕಾರು ಓಡಿಸಿದವರಿಗೆ ತಿರುವುಗಳು ಹೊಸದಲ್ಲ, ಆದರೆ ಇಲ್ಲಿ ಎದುರಿನ ವಾಹನಕ್ಕಾಗಿ ಹಿಂದಕ್ಕೆ ಸರಿಯಬೇಕಾಗಬಹುದು. ಮಂಜು ಕವಿದಿದ್ದರೆ ಶೀಲ್ಡೇಗ್ ಕಡೆಯಿಂದ ಬರುವ ಕರಾವಳಿ ರಸ್ತೆಯನ್ನೇ ಹಿಡಿಯಿರಿ. ಅದು ಉದ್ದವಾದರೂ ಸೌಮ್ಯ. ಏಕಪಥ ರಸ್ತೆಗಳಲ್ಲಿ ದಾರಿ ಬಿಡುವ ತಾಣ (ವಾಹನಗಳು ಪರಸ್ಪರ ದಾಟಲು ರಸ್ತೆಯನ್ನು ಅಗಲಿಸಿದ ಜಾಗ) ನಿಮ್ಮ ಎಡಕ್ಕಿದ್ದರೆ ಒಳಗೆ ನಿಲ್ಲಿ, ಬಲಕ್ಕಿದ್ದರೆ ಅದರ ಎದುರು ರಸ್ತೆಯಲ್ಲೇ ಕಾಯಿರಿ, ಹಿಂದಿನಿಂದ ವೇಗವಾಗಿ ಬರುವ ಸ್ಥಳೀಯರಿಗೂ ದಾರಿ ಬಿಡಿ. ಆ ತಾಣಗಳಲ್ಲಿ ಫೋಟೋಗಾಗಿ ಕಾರು ನಿಲ್ಲಿಸುವುದು ಸಲ್ಲದು.

ಪೆಟ್ರೋಲ್ ಬಂಕುಗಳು ವಿರಳ, ಆದ್ದರಿಂದ ಟ್ಯಾಂಕ್ ಅರ್ಧವಾದಾಗಲೇ ತುಂಬಿಸಿಕೊಳ್ಳಿ. ಜೂನ್‌ನಲ್ಲಿ ರಾತ್ರಿ ಹತ್ತರ ನಂತರವೂ ಬೆಳಕಿರುತ್ತದೆ, ಜೊತೆಗೆ ಮಿಡ್ಜ್ ಎಂಬ ಕಚ್ಚುವ ನುಸಿಗಳೂ ಇರುತ್ತವೆ. ಕೊಠಡಿಗಳನ್ನು ಈಗಲೇ ಕಾಯ್ದಿರಿಸಿ.