ಬಂದಷ್ಟು ಮಕ್ಕಳಿಗೇ ನೃತ್ಯ ಕಟ್ಟುವುದು

ನಮಸ್ಕಾರ ಮೇಡಂ. ಉಡುಪಿಯ ಮಳೆಗೆ ನಿಮ್ಮ ಭರತನಾಟ್ಯ ತರಗತಿಗೆ ದಿನಕ್ಕೊಂದು ಸಂಖ್ಯೆಯಲ್ಲಿ ಮಕ್ಕಳು ಬರುತ್ತಾರೆ, ಬ್ಯಾಲೆ ನೃತ್ಯ ಸಂಯೋಜಕ ಬಾಲಂಶೀನ್ ಅಂದಂದು ಬಂದವರಿಗೇ ಬ್ಯಾಲೆ ಕಟ್ಟಿದ್ದು ನಿಜವೇ ಎಂದು ಕೇಳಿದ್ದೀರಿ.

ನಿಜ. 1904ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದ ಅವರಿಗೆ ಡಿಯಾಗಿಲೆವ್ ಅವರ ಬ್ಯಾಲೆ ತಂಡದಲ್ಲಿದ್ದಾಗ ಮಂಡಿಗೆ ಪೆಟ್ಟಾಗಿ ಕುಣಿತ ಕುಂಠಿತವಾಯಿತು. ಆದರೆ ಸಂಯೋಜನೆ ಅದಕ್ಕೂ ಮೊದಲೇ ಶುರುವಾಗಿತ್ತು. 1934ರಲ್ಲಿ ನ್ಯೂಯಾರ್ಕ್‌ನ ತಮ್ಮ ಶಾಲೆಯಲ್ಲಿ, ಚೈಕೊವ್‌ಸ್ಕಿ ಸಂಗೀತಕ್ಕೆ 'ಸೆರನೇಡ್' ಕಟ್ಟುವಾಗ ಮೊದಲ ಸಲ 17 ಹುಡುಗಿಯರು ಬಂದರು, ಮರುಸಲ 9, ಆಮೇಲೆ 6. ಒಬ್ಬಳು ಬಿದ್ದದ್ದು, ಇನ್ನೊಬ್ಬಳು ತಡವಾಗಿ ಬಂದದ್ದು, ಎರಡೂ ಬ್ಯಾಲೆಯೊಳಗೆ ಸೇರಿದವು. ಹಾಗೆಂದು ಆಕಸ್ಮಿಕವನ್ನು ಆಕಸ್ಮಿಕವಾಗಿಯೇ ಬಿಡಲಿಲ್ಲ. ಸಂಗೀತದ ಇಂತಿಷ್ಟೇ ಜಾಗಕ್ಕೆ ಕೂರಿಸಿದರು. ನಕಲು ಮಾಡುವವರು ಎಡವುವುದು ಇಲ್ಲೇ.

ನೀವು ನೃತ್ಯವನ್ನು ಆದಿತಾಳದ 4 ಆವರ್ತನ (ತಾಳದ ಸುತ್ತು), ಅಂದರೆ 32 ಅಕ್ಷರಗಳ (ತಾಳದ ಎಣಿಕೆಗಳ) ತುಂಡುಗಳಾಗಿ ಒಡೆಯಿರಿ. ಆ ದಿನ ಬಂದವರಿಗೆ ಒಂದು ತುಂಡು. ಅದು ಕೊನೆಯವರೆಗೂ ಅವರದೇ. ಒಳಬರುವುದು, ಹೊರಹೋಗುವುದು ಸಮಕ್ಕೇ, ಅಂದರೆ ಆವರ್ತನದ ಮೊದಲ ಎಣಿಕೆಗೇ ಬರಲಿ. ಎಲ್ಲರೂ ಇರುವ ಭಾಗ ಆರಂಭ, ಮುಕ್ತಾಯ ಎರಡೇ ಸಾಕು. ಇಡೀ ನೃತ್ಯವನ್ನು 12 ಜನರ ಸಾಲಿಗೆ ಕಟ್ಟಿದರೆ ಇಬ್ಬರು ತಪ್ಪಿದ ದಿನ ಉಳಿದವರು ಅರಿವಿಲ್ಲದೆ ನಡುವಿಗೆ ಸರಿಯುತ್ತಾರೆ. ನೆಲದ ಮೇಲೆ ನಡುಗೆರೆಗೂ ಎರಡು ಬದಿಯ ಕಾಲುಭಾಗಕ್ಕೂ ಟೇಪ್ ಅಂಟಿಸಿ. ನಾಟ್ಯಾರಂಭದ ಭಂಗಿಗೆ ಎರಡೂ ಬದಿಗೆ ಕೈ ಚಾಚಿದಾಗ ಬೆರಳು ತಾಗದಷ್ಟು ಅಂತರವಿರಲಿ.

ರೆಕಾರ್ಡಿಂಗ್ ಹಾಕುವುದಾದರೆ ತಡವಾಗಿ ಬರುವ ಪಾತ್ರಕ್ಕೆ 2 ಆವರ್ತನ ಹೆಚ್ಚುವರಿ ಇಡಿಸಿ. ಯಕ್ಷಗಾನದಲ್ಲಿ ಹಾಡುವ ಭಾಗವತರಾದರೆ ವೇಷ ಬರುವವರೆಗೆ ಪದ ಎಳೆದಾರು, ಪೆನ್‌ಡ್ರೈವ್ ಎಳೆಯುವುದಿಲ್ಲ.