ಓದುಗರ ಪ್ರಶ್ನೆ: ಎಸಿ ಫಿಟ್ಟಿಂಗ್ ಸರಿಯಾಗಿದೆ ಅಂತ ಹೇಳುವವರು ಯಾರು?

ಬಿಸಿಲು ಏರಿದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಎಸಿ ಕೂರಿಸಿದವರ ಕೆಲಸದ ಬಗ್ಗೆಯೇ ಇವೆ. ಐಟಿಐನಲ್ಲಿ ರೆಫ್ರಿಜರೇಷನ್ ಪಾಠ ಹೇಳಿ ನಿವೃತ್ತನಾದವನು ನಾನು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಸರ್, ನಮಸ್ಕಾರ. ಹೋದ ವರ್ಷ ಮಾರ್ಚ್‌ನಲ್ಲಿ ಒಂದೂವರೆ ಟನ್ನಿನ ಫೈವ್ ಸ್ಟಾರ್ ಇನ್ವರ್ಟರ್ ಎಸಿ ಹಾಕಿಸಿದೆವು. ಈ ಬೇಸಿಗೆಗೆ ರೂಮು ತಂಪಾಗುತ್ತಲೇ ಇಲ್ಲ. ನೋಡಲು ಬಂದ ಹುಡುಗ, "ಗ್ಯಾಸ್ ಕಡಿಮಿ ಆಗ್ಯಾದ್ರಿ ಮೇಡಂ, ವರ್ಷಕ್ಕೊಮ್ಮೆ ತುಂಬಸ್ಬೇಕಾಗ್ತದ" ಅಂದ. ಅಷ್ಟು ದುಡ್ಡು ಕೊಟ್ಟು ಐದು ಸ್ಟಾರಿನದು ತಂದಿದ್ದಕ್ಕೆ ಬೆಲೆಯೇ ಇಲ್ಲವೇ?
– ಶಾಲಾ ಶಿಕ್ಷಕಿ, ಕಲಬುರಗಿ

ಉತ್ತರ: ಮೇಡಂ, ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಬೇಕು ಎಂಬ ಮಾತನ್ನು ನಂಬಬೇಡಿ. ಎಸಿಯ ಗ್ಯಾಸ್ ಅಡುಗೆ ಸಿಲಿಂಡರಿನ ಹಾಗೆ ಖರ್ಚಾಗುವಂಥದ್ದಲ್ಲ. ತಾಮ್ರದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ಒಂದೇ ವರ್ಷದಲ್ಲಿ ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮೊದಲ ದಿನವೇ ಸರಿಯಾದ ತೂಕಕ್ಕೆ ತುಂಬಿಲ್ಲ. ಸೋರುವ ಜಾಗ ಹುಡುಕದೆ ಮತ್ತೆ ತುಂಬಿಸಿದರೆ ಮುಂದಿನ ಮಾರ್ಚ್‌ಗೆ ಅದೇ ಹುಡುಗ ಅದೇ ಮಾತು ಹೇಳುತ್ತಾನೆ. ಅದಕ್ಕೂ ಮೊದಲು ಫಿಲ್ಟರ್ ತೊಳೆಸಿ, ಔಟ್‌ಡೋರ್ ಯೂನಿಟ್ಟಿನ ಧೂಳು ತೆಗೆಸಿ ನೋಡಿ. ನಿಮ್ಮ ಕಡೆಯ ಧೂಳಿಗೆ ಎಷ್ಟೋ ಸಲ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ.

ಸೋರಿಕೆ ಹೆಚ್ಚಾಗಿ ಸಿಗುವುದು ಫ್ಲೇರ್ ನಟ್‌ನಲ್ಲಿ. ಪೈಪಿನ ತುದಿಯನ್ನು ಕಹಳೆಯ ಬಾಯಿಯಂತೆ ಅಗಲಿಸಿ ಯಂತ್ರಕ್ಕೆ ಬಿಗಿಯುತ್ತಾರಲ್ಲ, ಆ ಜಾಗ. ಅಂಚು ಓರೆಯಾದರೆ, ಅಥವಾ ಮಿತಿ ಮೀರಿ ಬಿಗಿದು ಬಿರುಕು ಬಿಟ್ಟರೆ ಗ್ಯಾಸ್ ಅಲ್ಲಿಂದ ತಿಂಗಳುಗಟ್ಟಲೆ ಸದ್ದಿಲ್ಲದೆ ಹೋಗುತ್ತಿರುತ್ತದೆ. ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಅಷ್ಟಿಷ್ಟು ಹೊರಬರುವುದರಿಂದ ನಟ್‌ನ ಸುತ್ತ ಧೂಳು ಅಂಟಿ ಕಪ್ಪು ಜಿಡ್ಡಾಗಿರುತ್ತದೆ. ಔಟ್‌ಡೋರ್ ಯೂನಿಟ್ಟಿನ ಪಕ್ಕದ ಮುಚ್ಚಳ ತೆಗೆಸಿ ನೋಡಿ. ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ಒಳಗಿನ ಯೂನಿಟ್ಟಿನ ಜಾಯಿಂಟನ್ನೂ ಟೇಪು ಬಿಚ್ಚಿಸಿ ಹಾಗೆಯೇ ನೋಡಿಸಿ.

ಇನ್ನು ಸ್ಟಾರಿನ ಮಾತು. ಬ್ಯೂರೋ ಆಫ್ ಎನರ್ಜಿ ಎಫಿಷಿಯನ್ಸಿಯವರು ಆ ಲೇಬಲ್ ಕೊಡುವುದು ಯಂತ್ರಕ್ಕೆ. ಅದಕ್ಕೆ ಆಧಾರ, ಪ್ರಯೋಗಾಲಯದಲ್ಲಿ ಒಳಗೆ 27 ಡಿಗ್ರಿ, ಹೊರಗೆ 35 ಡಿಗ್ರಿ ಇಟ್ಟು ಮಾಡುವ ಪರೀಕ್ಷೆ. ಅಲ್ಲಿ ಪೈಪು ಸರಿ, ಗ್ಯಾಸ್ ಸರಿ, ಜಾಯಿಂಟ್ ಸರಿ. ಅದೇ ಯಂತ್ರವನ್ನು ನಿಮ್ಮ ಗೋಡೆಗೆ ಹೇಗೆ ಕೂರಿಸಿದರು ಎಂಬುದನ್ನು ಮಾತ್ರ ನಮ್ಮಲ್ಲಿ ಯಾರೂ ಬಂದು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವುದಿಲ್ಲ. ಐದು ಸ್ಟಾರಿನ ಯಂತ್ರ ಕೆಟ್ಟ ಫಿಟ್ಟಿಂಗ್‌ನಿಂದ ಮೂರು ಸ್ಟಾರಿಗಿಂತ ಕಡೆಯಾಗಿ ಓಡುವುದನ್ನು ನಾನು ಬೇಕಾದಷ್ಟು ಮನೆಗಳಲ್ಲಿ ನೋಡಿದ್ದೇನೆ. ನನಗೆ ಸಂಕಟವಾಗುವುದು ಇಲ್ಲೇ. ಸಾಲ ಮಾಡಿ ಎಸಿ ತಂದ ಮನೆಯವರು ಹತ್ತು ವರ್ಷ ಅದರ ಕರೆಂಟ್ ಬಿಲ್ ಕಟ್ಟುತ್ತಾರೆ. ಕೂರಿಸಿದವರು ಮುಕ್ಕಾಲು ಗಂಟೆಯಲ್ಲಿ ಚೀಲ ಕಟ್ಟಿಕೊಂಡು ಹೊರಟಿರುತ್ತಾರೆ.

ಆ ಮುಕ್ಕಾಲು ಗಂಟೆಯಲ್ಲಿ ಮೊದಲು ಕೈಬಿಡುವುದು ವ್ಯಾಕ್ಯೂಮ್. ಹೊಸ ಪೈಪಿನೊಳಗೆ ಗಾಳಿ, ಗಾಳಿಯಲ್ಲಿ ತೇವ ಎರಡೂ ಇರುತ್ತವೆ. ವ್ಯಾಕ್ಯೂಮ್ ಪಂಪ್ ಹಚ್ಚಿ ಅದನ್ನು ಎಳೆದುಹಾಕಿದ ಮೇಲೆಯೇ ಗ್ಯಾಸ್ ಬಿಡಬೇಕು. ಅದರ ಬದಲು ಅಲೆನ್ ಕೀಯಿಂದ ವಾಲ್ವನ್ನು ಒಂದು ಕ್ಷಣ ತಿರುಗಿಸಿ, ಯಂತ್ರದ ಗ್ಯಾಸಿನಿಂದಲೇ "ಬುಸ್" ಅಂತ ಗಾಳಿ ಹೊರಗೆ ಹಾಕಿ "ಆಯ್ತು ಸರ್" ಅನ್ನುತ್ತಾರೆ. ಹೀಗೆ ಮಾಡಿದರೆ ಗ್ಯಾಸೂ ಹೋಯಿತು, ತೇವವೂ ಒಳಗೇ ಉಳಿಯಿತು. ಆರ್-32 ಗ್ಯಾಸಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ಬಳಸುವ ಎಣ್ಣೆ ತೇವವನ್ನು ಹೀರಿಕೊಂಡು ಆಮ್ಲವಾಗುತ್ತದೆ, ಕಂಪ್ರೆಸರಿನ ಆಯುಸ್ಸು ತಿನ್ನುತ್ತದೆ. ಆರ್-32ಕ್ಕೆ ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವ ಗುಣವೂ ಇರುವುದರಿಂದ ಅದನ್ನು ಮನೆಯ ಬಳಿ ಹಾಗೆ ಬಿಡುವುದು ಅಪಾಯ ಕೂಡ.

ಪಂಪ್ ತಂದವರೂ ಮೀಟರ್ ತಂದಿರುವುದಿಲ್ಲ. ಮಾಮೂಲಿ ಗೇಜಿನ ಮುಳ್ಳು ಬೇಗನೆ ತಳ ಮುಟ್ಟಿ ನಿಂತುಬಿಡುತ್ತದೆ, ಒಳಗೆ ಇನ್ನೂ ತೇವ ಇದೆಯೋ ಇಲ್ಲವೋ ಅದಕ್ಕೆ ಗೊತ್ತಾಗದು. ಅದನ್ನು ತೋರಿಸುವುದು ಮೈಕ್ರಾನ್ ಗೇಜ್. ಇಲ್ಲಿ ಮೈಕ್ರಾನ್ ಅಂದರೆ ಒತ್ತಡದ ಅಳತೆ. ಸಾಮಾನ್ಯ ವಾಯುಭಾರ 7,60,000 ಮೈಕ್ರಾನ್. ನಮಗೆ ಬೇಕಾದದ್ದು 500ಕ್ಕಿಂತ ಕೆಳಗೆ. ನನ್ನ ಹುಡುಗರಿಗೆ ನಾನು ಕಲಿಸುತ್ತಿದ್ದದ್ದು ಆಮೇಲಿನದ್ದನ್ನು. ಪಂಪ್ ಬಂದ್ ಮಾಡಿ, ವಾಲ್ವ್ ಮುಚ್ಚಿ, ಹತ್ತು ನಿಮಿಷ ಕೈಕಟ್ಟಿ ಕೂತು ಆ ಅಂಕಿಯನ್ನೇ ನೋಡಿ. ಸ್ವಲ್ಪ ಏರಿ 700ರ ಆಸುಪಾಸಿನಲ್ಲಿ ನಿಂತರೆ ಚಿಂತೆಯಿಲ್ಲ. ಒಂದೂವರೆ, ಎರಡು ಸಾವಿರಕ್ಕೆ ಏರಿ ಅಲ್ಲೇ ನಿಂತರೆ ತೇವ ಇದೆ, ಇನ್ನೂ ಎಳೆಯಬೇಕು. ನಿಲ್ಲದೆ ಏರುತ್ತಲೇ ಇದ್ದರೆ ಎಲ್ಲೋ ತೂತಿದೆ.

ನಿಮಗೀಗ ಮಾಡಬೇಕಾದ್ದು ಇಷ್ಟು: ಸೋರಿಕೆ ಹುಡುಕಿಸಿ, ಫ್ಲೇರ್ ಕತ್ತರಿಸಿ ಹೊಸದಾಗಿ ಮಾಡಿಸಿ, ವ್ಯಾಕ್ಯೂಮ್ ಹಾಕಿಸಿ, ಯಂತ್ರದ ಮೇಲಿನ ಚೀಟಿಯಲ್ಲಿ ಬರೆದಷ್ಟು ಗ್ಯಾಸನ್ನು ತೂಕದ ಯಂತ್ರದ ಮೇಲಿಟ್ಟು ತುಂಬಿಸಿ. ಪೈಪು ಕಂಪನಿ ಹೇಳಿದ್ದಕ್ಕಿಂತ ಉದ್ದವಿದ್ದರೆ ಮೀಟರಿಗೆ ಇಷ್ಟು ಗ್ರಾಂ ಹೆಚ್ಚು ಎಂದು ಕೈಪಿಡಿಯಲ್ಲೇ ಇರುತ್ತದೆ. ಕೊನೆಗೆ 18 ಡಿಗ್ರಿಗೆ ಇಟ್ಟು, ಫ್ಯಾನ್ ಜೋರು ಮಾಡಿ, ಇಪ್ಪತ್ತು ನಿಮಿಷ ಬಿಟ್ಟು ಒಳಗೆಳೆಯುವ ಗಾಳಿ ಮತ್ತು ಹೊರಬರುವ ಗಾಳಿಯ ಬಿಸಿ ಅಳೆಯಿರಿ. ಎಂಟರಿಂದ ಹನ್ನೆರಡು ಡಿಗ್ರಿ ವ್ಯತ್ಯಾಸ ಬೇಕು. ಕಲಬುರಗಿಯ ಒಣ ಗಾಳಿಗೆ ಇನ್ನೂ ಒಂದೆರಡು ಹೆಚ್ಚಿದ್ದರೂ ಸರಿಯೇ. ಮೈಕ್ರಾನ್ ಎಷ್ಟು, ಹತ್ತು ನಿಮಿಷದ ಮೇಲೆ ಎಷ್ಟು, ಗ್ಯಾಸ್ ಎಷ್ಟು ಗ್ರಾಂ, ಬಿಸಿಯ ವ್ಯತ್ಯಾಸ ಎಷ್ಟು, ಯಂತ್ರ ಎಳೆಯುವ ಕರೆಂಟ್ ಎಷ್ಟು ಆಂಪಿಯರ್ – ಇವನ್ನು ಒಂದು ಹಾಳೆಯಲ್ಲಿ ಬರೆಸಿ, ಸಹಿ ಹಾಕಿಸಿಕೊಂಡು, ಆಮೇಲೆ ದುಡ್ಡು ಕೊಡಿ. ಸರ್ಕಾರಿ ಮುದ್ರೆ ಇಲ್ಲದಿದ್ದರೂ ಸದ್ಯಕ್ಕೆ ನಿಮ್ಮ ಮನೆಯ ಸರ್ಟಿಫಿಕೇಟ್ ಅದೇ.

ಪ್ರಶ್ನೆ: ಮುಂದಿನ ತಿಂಗಳು ಫ್ಲ್ಯಾಟಿನ ಕೀಲಿ ಕೈಗೆ ಬರುತ್ತದೆ. ಎಸಿಯ ತಾಮ್ರದ ಪೈಪುಗಳನ್ನು ಬಿಲ್ಡರ್ ಗೋಡೆಯೊಳಗೇ ಹಾಕಿ ಗಾರೆ ಮಾಡಿದ್ದಾರೆ. ಒಳಗಿನದು ಸರಿಯಿದೆ ಎಂದು ನೋಡುವುದು ಹೇಗೆ ಮಾರಾಯ್ರೇ?
– ಮಂಗಳೂರಿನಿಂದ

ಉತ್ತರ: ಪೈಪಿಗೆ ನೈಟ್ರೋಜನ್ ತುಂಬಿಸಿ, ಗೇಜ್ ಹಚ್ಚಿ, 24 ಗಂಟೆ ಬಿಡಿಸಿ. ಮರುದಿನ ಅದೇ ಹೊತ್ತಿಗೆ ನೋಡಬೇಕು, ಯಾಕೆಂದರೆ ಹವೆ ತಣ್ಣಗಾದರೆ ಒತ್ತಡವೂ ಇಳಿಯುತ್ತದೆ. 34 ಡಿಗ್ರಿಯಲ್ಲಿ 300 ಪಿಎಸ್‌ಐ ಇದ್ದದ್ದು 24 ಡಿಗ್ರಿಗೆ ಸುಮಾರು ಹತ್ತು ಪಿಎಸ್‌ಐ ಕಡಿಮೆ ತೋರಿಸುತ್ತದೆ, ಅದು ಸೋರಿಕೆ ಅಲ್ಲ. ನೈಟ್ರೋಜನ್ ಸಿಗಲಿಲ್ಲ ಎಂದು ಆಕ್ಸಿಜನ್ ತುಂಬಲು ಹೊರಟರೆ ಅಲ್ಲೇ ತಡೆಯಿರಿ. ಎಣ್ಣೆ ತಾಗಿದರೆ ಸ್ಫೋಟವಾಗುತ್ತದೆ. ಪೈಪಿನ ತುದಿಗಳು ತೆರೆದೇ ಬಿದ್ದಿದ್ದರೆ ಒಳಗೆ ಸಿಮೆಂಟ್, ನೀರು ಸೇರಿರುತ್ತದೆ, ನೈಟ್ರೋಜನ್ ಬಿಟ್ಟು ಊದಿಸಿ ತೆಗೆಸಿ. ಡ್ರೈನ್ ಪೈಪಿಗೂ ಒಂದು ಬಕೆಟ್ ನೀರು ಹೊಯ್ದು ಹೊರಗೆ ಪೂರ್ತಿ ಬರುತ್ತದೋ ನೋಡಿ. ನಿಮ್ಮೂರಿನ ಸೆಕೆಗೆ ಎಸಿಯಿಂದ ಇಳಿಯುವ ನೀರು ಕಡಿಮೆಯಲ್ಲ. ಇದೆಲ್ಲ ಬಿಲ್ಡರ್ ಖರ್ಚಿನಲ್ಲಿ, ಕೀಲಿ ತೆಗೆದುಕೊಳ್ಳುವ ಮೊದಲೇ ಆಗಲಿ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ಮನೆ ಬಿಸಿ ಮಾಡುವ ನಮ್ಮ ಹಳೆಯ ಗ್ಯಾಸ್ ಫರ್ನೇಸ್ ತೆಗೆಸಿ, ಚಳಿಗೆ ಬಿಸಿ, ಬೇಸಿಗೆಗೆ ತಂಪು ಕೊಡುವ ಹೀಟ್ ಪಂಪ್ ಹಾಕಿಸಬೇಕು. ಒಬ್ಬ ಗುತ್ತಿಗೆದಾರ, ಪರ್ಮಿಟ್ ಬೇಡ ಅಂದರೆ ದರ ಕಡಿಮೆ ಮಾಡುತ್ತೇನೆ ಅನ್ನುತ್ತಿದ್ದಾನೆ. ಒಪ್ಪಬಹುದೇ?
– ಸ್ಯಾನ್ ಹೋಸೆಯಿಂದ

ಉತ್ತರ: ದಯವಿಟ್ಟು ಒಪ್ಪಬೇಡಿ. ಇಲ್ಲಿ ನಾವು ಬೇಡಿಕೊಳ್ಳುತ್ತಿರುವುದು ನಿಮ್ಮಲ್ಲಿ ಕಾನೂನಿನಲ್ಲೇ ಇದೆ. ಆ ರಾಜ್ಯದ ಇಂಧನ ಸಂಹಿತೆ, ಅಂದರೆ ಟೈಟಲ್ 24ರ ಪ್ರಕಾರ ಇಂಥ ಬದಲಾವಣೆಗೆ ಪರ್ಮಿಟ್ ಬೇಕು. ಪರ್ಮಿಟ್ ತೆಗೆದರೆ ಹಾಳೆಗಳು ಹುಟ್ಟುತ್ತವೆ: ಏನು ಹಾಕಬೇಕು ಎಂಬುದಕ್ಕೆ ಸಿಎಫ್1ಆರ್, ಹಾಕಿದವರು ತಾವೇ ಬರೆದು ಸಹಿ ಮಾಡುವುದು ಸಿಎಫ್2ಆರ್, ಹಾಕಿದವರಿಗೆ ಸಂಬಂಧವೇ ಇಲ್ಲದ ಮೂರನೆಯವರು ಬಂದು ಅಳೆದು ಬರೆಯುವುದು ಸಿಎಫ್3ಆರ್. ಆ ಮೂರನೆಯವರು ಡಕ್ಟ್‌ಗಳಿಗೆ, ಅಂದರೆ ಕೋಣೆಗಳಿಗೆ ಗಾಳಿ ಒಯ್ಯುವ ಕೊಳವೆಗಳಿಗೆ, ಫ್ಯಾನ್ ಹಚ್ಚಿ, 25 ಪಾಸ್ಕಲ್ ಒತ್ತಡ ಕೊಟ್ಟು ಎಷ್ಟು ಗಾಳಿ ಸೋರುತ್ತದೆ ಎಂದು ನೋಡುತ್ತಾರೆ. ನಿಮ್ಮ ಯಂತ್ರಕ್ಕೆ ಅನ್ವಯಿಸಿದರೆ ಗಾಳಿಯ ಹರಿವನ್ನೂ ಗ್ಯಾಸಿನ ಪ್ರಮಾಣವನ್ನೂ ಪರೀಕ್ಷಿಸುತ್ತಾರೆ. ಪರ್ಮಿಟ್ ಬೇಡ ಅನ್ನುವವನು ಈ ಮೂರನೆಯ ಕಣ್ಣನ್ನೇ ತಪ್ಪಿಸುತ್ತಿದ್ದಾನೆ.

ಗುತ್ತಿಗೆದಾರನಿಗೆ ಎಸಿ, ಹೀಟಿಂಗ್ ಕೆಲಸದ ಸಿ-20 ಲೈಸೆನ್ಸ್ ಇದೆಯೋ, ಯಂತ್ರದ ಗ್ಯಾಸ್ ಮುಟ್ಟುವ ಕೆಲಸಗಾರನಿಗೆ ಅಮೆರಿಕದ ಪರಿಸರ ಸಂಸ್ಥೆ ಇಪಿಎಯ 608 ಸರ್ಟಿಫಿಕೇಟ್ ಇದೆಯೋ ಕೇಳಿ. ಜೊತೆಗೆ ಮ್ಯಾನ್ಯುಯಲ್ ಜೆ ಲೆಕ್ಕವನ್ನೂ ಕೇಳಿ. ಗೋಡೆ, ಕಿಟಕಿ, ಇನ್ಸುಲೇಷನ್ ನೋಡಿ ಮನೆಗೆ ಎಷ್ಟು ಟನ್ ಬೇಕೆಂದು ಕಟ್ಟುವ ಲೆಕ್ಕ ಅದು. ಹಳೆಯದು ಎಷ್ಟಿತ್ತೋ ಅಷ್ಟೇ ಹಾಕಿದರೆ ಅಗತ್ಯಕ್ಕಿಂತ ದೊಡ್ಡದಾಗಿ, ಘಳಿಗೆಗೊಮ್ಮೆ ಆನ್ ಆಫ್ ಆಗುವ ಸಂಭವವೇ ಹೆಚ್ಚು.

ಪ್ರಶ್ನೆ: ಸರ್, ನಾನು ಎಸಿ ಮೆಕ್ಯಾನಿಕ್. ಕೆಲಸ ನೋಡ್ಕೋತ ಕಲ್ತಾಂವ, ಐಟಿಐ ಆಗಿಲ್ಲ. ನನಗೂ ಸರ್ಟಿಫಿಕೇಟ್ ಸಿಗತೈತೇನ್ರಿ?
– ಹುಬ್ಬಳ್ಳಿಯಿಂದ

ಉತ್ತರ: ಸಿಗತೈತಪ್ಪ. ಅನುಭವದಿಂದ ಕಲಿತವರ ಕೈಕೆಲಸ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ವ್ಯವಸ್ಥೆ ಸ್ಕಿಲ್ ಇಂಡಿಯಾದಲ್ಲಿದೆ, ಅದನ್ನು ಆರ್‌ಪಿಎಲ್ ಅನ್ನುತ್ತಾರೆ. 2019ರಲ್ಲಿ ಕೇಂದ್ರ ಸರ್ಕಾರ ಹೊರತಂದ ಇಂಡಿಯಾ ಕೂಲಿಂಗ್ ಆಕ್ಷನ್ ಪ್ಲಾನ್‌ನಲ್ಲಿ ನಿಮ್ಮಂಥ ಒಂದು ಲಕ್ಷ ಮಂದಿಗೆ ತರಬೇತಿ, ಸರ್ಟಿಫಿಕೇಟ್ ಕೊಡುವ ಗುರಿ ಇಟ್ಟಿದ್ದರು. ಪರಿಸರ ಸಚಿವಾಲಯದ ಓಝೋನ್ ಘಟಕವೂ ಮೆಕ್ಯಾನಿಕ್‌ಗಳಿಗೆ ತರಬೇತಿ ನಡೆಸುತ್ತದೆ. ಹತ್ತಿರದ ಸರ್ಕಾರಿ ಐಟಿಐಗೆ ಹೋಗಿ ರೆಫ್ರಿಜರೇಷನ್ ವಿಭಾಗದವರನ್ನು ಕಂಡು ವಿಚಾರಿಸಿ. ಅಲ್ಲಿಯವರೆಗೆ ಗಳಿಕೆಯಲ್ಲಿ ಒಂದಿಷ್ಟು ಎತ್ತಿಟ್ಟು ಮೈಕ್ರಾನ್ ಗೇಜ್, ತೂಕದ ಯಂತ್ರ, ನಟ್ಟನ್ನು ಬೇಕಾದಷ್ಟೇ ಬಿಗಿಯುವ ಟಾರ್ಕ್ ರೆಂಚ್ ಕೊಳ್ಳಿ. ಮೇಲೆ ಕಲಬುರಗಿಯ ಮೇಡಂಗೆ ಹೇಳಿದ ಹಾಳೆಯನ್ನು ಗಿರಾಕಿ ಕೇಳುವ ಮೊದಲೇ ನೀವೇ ಬರೆದು ಕೊಡಿ, ಅದರ ಒಂದು ಪ್ರತಿ ನಿಮ್ಮ ಹತ್ತಿರವೂ ಇರಲಿ. ವರ್ಷದ ಮೇಲೆ ಯಾರಾದರೂ ತಕರಾರು ತೆಗೆದರೆ ಅದೇ ಅಂಕಿಗಳನ್ನು ಮತ್ತೆ ಅಳೆದು ತೋರಿಸಬಹುದು.